ಎರಿ ಹೊಲಕ್ಕೆ ಕುಸುಬಿ: ಕೂರಿಗೆಯಿಂದ ಗಾಣದವರೆಗೆ

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರುಗಳಲ್ಲಿ ಹಿಂಗಾರಿ ಎಂದರೆ ಬಿಳಿಜೋಳ, ಕಡಲೆ, ಗೋಧಿ. ಇವುಗಳ ಜೊತೆಗೆ ಒಂದು ಕಾಲಕ್ಕೆ ಕುಸುಬಿಯೂ ಹೊಲದಲ್ಲಿ ಇರಲೇಬೇಕಿತ್ತು. ಮನೆಗೆ ಬೇಕಾದ ಎಣ್ಣೆ, ಎಮ್ಮೆಗೆ ಬೇಕಾದ ಹಿಂಡಿ, ಜೋಳದ ಹೊಲಕ್ಕೆ ಬೇಕಾದ ಮುಳ್ಳಿನ ಬೇಲಿ, ಮೂರೂ ಅದರಿಂದಲೇ ಬರುತ್ತಿದ್ದವು. ಈಗ ಅಂಗಡಿಯ ಪಾಕೀಟು ಎಣ್ಣೆ ಮನೆಗೆ ಬಂದಿದೆ, ನೀರಾವರಿ ಇದ್ದ ಕಡೆ ಕಬ್ಬು ಮತ್ತು ಗೋವಿನಜೋಳ ಬಂದಿವೆ, ಕುಸುಬಿ ಬದುವಿನ ಒಂದೆರಡು ಸಾಲಿಗೆ ಸರಿದು ನಿಂತಿದೆ. ದೇಶದ ಲೆಕ್ಕವೂ ಇದೇ ಕತೆ ಹೇಳುತ್ತದೆ. 1980ರ ದಶಕದ ಕೊನೆಯಲ್ಲಿ 10 ಲಕ್ಷ ಹೆಕ್ಟೇರ್ ಸಮೀಪದಲ್ಲಿದ್ದ ಕುಸುಬೆ ಕ್ಷೇತ್ರ ಈಗ 1 ಲಕ್ಷ ಹೆಕ್ಟೇರಿಗಿಂತ ಕೆಳಗಿದೆ. ಉಳಿದದ್ದರಲ್ಲಿ ಬಹುಪಾಲು ಕರ್ನಾಟಕ ಮತ್ತು ಮಹಾರಾಷ್ಟ್ರದ ಒಣ ಬಯಲಿನಲ್ಲೇ ಇದೆ.

ಇಷ್ಟಾದರೂ ಮಳೆ ನಂಬಿದ ಎರಿ ಹೊಲಕ್ಕೆ ಕುಸುಬಿಯಷ್ಟು ಹೊಂದುವ ಎಣ್ಣೆಕಾಳು ಇನ್ನೊಂದಿಲ್ಲ. ಅದನ್ನು ಬೆಳೆಯಲು ಹೆಚ್ಚು ಖರ್ಚು ಬೇಡ, ಹೆಚ್ಚು ನೀರೂ ಬೇಡ. ಬೇಕಾದದ್ದು ಸರಿಯಾದ ಹೊತ್ತು. ಯಾವಾಗ ಬಿತ್ತಬೇಕು, ಎಷ್ಟು ಅಂತರ ಬಿಡಬೇಕು, ಯಾವಾಗ ಎಡೆ ಹೊಡೆಯಬೇಕು ಎಂಬ ಮೂರು ತೀರ್ಮಾನಗಳಲ್ಲಿ ಬೆಳೆಯ ಅರ್ಧ ಹಣೆಬರಹ ಬರೆದು ಮುಗಿಯುತ್ತದೆ. ಕೊಯ್ಲು ಹೇಗೆ, ಮಾರಾಟ ಎಲ್ಲಿ ಎಂಬುದನ್ನು ಬಿತ್ತುವ ಮುಂಚೆಯೇ ಗೊತ್ತುಮಾಡಿಕೊಂಡರೆ ಉಳಿದರ್ಧವೂ ಕೈಯಲ್ಲಿರುತ್ತದೆ.

ಈ ನೆಲಕ್ಕೆ ಏಕೆ ಹೊಂದುತ್ತದೆ

ರಾಮದುರ್ಗ ಮತ್ತು ಸವದತ್ತಿ ತಾಲ್ಲೂಕುಗಳು ಉತ್ತರದ ಒಣ ವಲಯಕ್ಕೆ ಸೇರಿದವು. ಬೈಲಹೊಂಗಲ, ಕಿತ್ತೂರಿನ ಕಡೆ ಹೋದಂತೆ ಮಳೆ ಹೆಚ್ಚು. ಪೂರ್ವಕ್ಕೆ ಬಂದಂತೆ ಕಡಿಮೆ, ಅದೂ ನಂಬುವಂತಿಲ್ಲ. ಆದರೆ ಈ ಸೀಮೆಯ ಎರಿ ಮಣ್ಣಿಗೆ ಒಂದು ದೊಡ್ಡ ಗುಣವಿದೆ. ಒಂದು ಮೀಟರ್ ಆಳದ ಒಳ್ಳೆಯ ಎರಿ ಮಣ್ಣು ಗಿಡಕ್ಕೆ ಸಿಗುವಂಥ 150ರಿಂದ 200 ಮಿಲಿಮೀಟರ್ ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳಬಲ್ಲದು. ಹಗೇವಿನಲ್ಲಿ ಜೋಳ ತುಂಬಿಟ್ಟಂತೆ ಮುಂಗಾರಿನ ಮಳೆ ಅಲ್ಲಿ ಕೂಡಿ ಕೂತಿರುತ್ತದೆ. ಹಿಂಗಾರಿ ಬೆಳೆ ಬದುಕುವುದು ಮೇಲಿನಿಂದ ಬೀಳುವ ಮಳೆಯಿಂದಲ್ಲ, ಕೆಳಗಿರುವ ಈ ಸಂಗ್ರಹದಿಂದ.

ಈ ಸಂಗ್ರಹದ ತಳಕ್ಕೆ ಇಳಿಯುವ ಬೇರು ಕುಸುಬಿಗಿದೆ. ಅದರ ತಾಯಿಬೇರು ಅಡೆತಡೆ ಇಲ್ಲದ ಮಣ್ಣಿನಲ್ಲಿ ಎರಡು ಮೀಟರಿಗೂ ಆಳ ಹೋಗುತ್ತದೆ. ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಾಗ, ಜೋಳ ಬಾಡುವ ಹೊತ್ತಿನಲ್ಲೂ ಇದು ಆಳದಿಂದ ತೇವ ಎಳೆದುಕೊಂಡು ನಿಲ್ಲುತ್ತದೆ. ಎಲೆಗಳು ಗಟ್ಟಿ, ಮೇಲೆ ಮೇಣದಂಥ ಪದರ, ಅಂಚಿಗೆ ಮುಳ್ಳು. ನೀರು ಆರಿಹೋಗದಂತೆ ತಡೆಯುವ ವ್ಯವಸ್ಥೆ ಗಿಡದಲ್ಲೇ ಇದೆ.

ಒಗ್ಗದ ಜಾಗಗಳೂ ಇವೆ. ನೀರು ನಿಲ್ಲುವ ತಗ್ಗು ಬೇಡವೇ ಬೇಡ. ಎರಡು ದಿನ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಒಂದೂವರೆ ಅಡಿಗೇ ಕಲ್ಲು ಸಿಗುವ ತೆಳು ಮಣ್ಣಿನಲ್ಲಿ ಆಳದ ಬೇರಿಗೆ ಕೆಲಸವಿಲ್ಲ, ಇಳುವರಿಯೂ ಇಲ್ಲ. ಇಳಿಜಾರಿನ ಮಸಾರಿ ಹೊಲಕ್ಕೆ ಮುಂಗಾರಿನ ಗುರೆಳ್ಳೇ ಮೇಲು. ಇನ್ನೊಂದು ಕಡೆ, ಮಲಪ್ರಭೆಯ ಕಾಲುವೆ ನೀರು ಹೆಚ್ಚಾಗಿ ಸವಳು ಕಾಣಿಸಿಕೊಂಡ ಹೊಲಗಳಲ್ಲಿ ಕಡಲೆ ಸೋತರೂ ಕುಸುಬಿ ಒಂದು ಮಟ್ಟಿನವರೆಗೆ ತಡೆದುಕೊಳ್ಳುತ್ತದೆ. ಆದರೆ ಸವಳಿನ ಜೊತೆ ಜವಳೂ ಇದ್ದರೆ ಅದಕ್ಕೂ ಆಗದು.

ಬಿತ್ತುವ ಹೊತ್ತು

ಉತ್ತರಿ ಮಳೆಯ ನಡುವಿನಿಂದ ಹಸ್ತ ಮಳೆ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ ಮೂರನೆಯ ವಾರದಿಂದ ಅಕ್ಟೋಬರ್ ಮೊದಲ ಹತ್ತು ದಿನದವರೆಗೆ, ಕುಸುಬಿಯ ಬಿತ್ತನೆಗೆ ತಕ್ಕ ಕಾಲ. ಇದಕ್ಕೆ ಮುಂಚೆಯೂ ಬೇಡ, ಆಮೇಲೂ ಬೇಡ ಎನ್ನುವುದಕ್ಕೆ ಬೇರೆ ಬೇರೆ ಕಾರಣಗಳಿವೆ.

ತೀರ ಮುಂಚೆ ಬಿತ್ತಿದರೆ ಸೆಪ್ಟೆಂಬರಿನ ದೊಡ್ಡ ಮಳೆಗೆ ಎಳೆಯ ಗಿಡ ಸಿಕ್ಕಿಬೀಳುತ್ತದೆ. ಬುಡಕ್ಕೆ ನೀರು, ಎಲೆಗೆ ಚುಕ್ಕಿ ರೋಗ. ಕಳೆಯೂ ಜೋರು.

ತಡವಾದರೆ ಎರಡು ಪೆಟ್ಟು. ಮೊದಲನೆಯದು ತೇವದ್ದು: ಮೇಲಿನ ಮಣ್ಣು ದಿನದಿನಕ್ಕೂ ಆರುತ್ತಿರುತ್ತದೆ, ಬೇರು ಅದರೊಂದಿಗೆ ಓಟಕ್ಕೆ ಬಿದ್ದಂತೆ ಕೆಳಕ್ಕೆ ಇಳಿಯಬೇಕು, ಹದಿನೈದು ದಿನ ಹಿಂದೆ ಬಿದ್ದ ಬೇರಿಗೆ ಆ ತೇವ ಸಿಗುವುದೇ ಇಲ್ಲ. ಎರಡನೆಯದು ಹೇನಿನದು. ಡಿಸೆಂಬರಿನ ಚಳಿ ಮತ್ತು ಮೋಡದ ದಿನಗಳಲ್ಲಿ ಕಪ್ಪು ಸಸ್ಯಹೇನು ಏಳುತ್ತದೆ. ಸಕಾಲಕ್ಕೆ ಬಿತ್ತಿದ ಗಿಡದ ಕಾಂಡ ಅಷ್ಟು ಹೊತ್ತಿಗೆ ಬಲಿತಿರುತ್ತದೆ. ತಡವಾಗಿ ಬಿತ್ತಿದ್ದು ಇನ್ನೂ ಎಳೆ. ಹೇನಿಗೆ ಬೇಕಾದದ್ದು ಅದೇ. ಔಷಧದ ಖರ್ಚನ್ನು ಉಳಿಸುವ ಮೊದಲ ಉಪಾಯ ಪಂಚಾಂಗದಲ್ಲಿದೆ, ಅಂಗಡಿಯಲ್ಲಲ್ಲ.

ಮುಂಗಾರಿನಲ್ಲಿ ಹೆಸರು ಅಥವಾ ಉದ್ದು ತೆಗೆದುಕೊಂಡ ಹೊಲವಾದರೆ ಒಳ್ಳೆಯದು. ಅವು ಬೇಗ ಮುಗಿಯುತ್ತವೆ, ಮಣ್ಣಿಗೆ ಸಾರವನ್ನೂ ಬಿಡುತ್ತವೆ. ಕೊಯ್ಲಾದ ಕೂಡಲೇ ಒಂದೆರಡು ಸಲ ಹರಗಿ ಹೊಲ ಹಸನು ಮಾಡಿಟ್ಟರೆ ಉತ್ತರಿ ಮಳೆಯ ಹದ ಸಿಕ್ಕ ದಿನವೇ ಕೂರಿಗೆ ಹೂಡಬಹುದು.

ಬೀಜ, ತಳಿ, ಅಂತರ

ಎಕರೆಗೆ 3ರಿಂದ 4 ಕಿಲೋ ಬೀಜ ಸಾಕು. ಸಾವಿರ ಬೀಜ 50ರಿಂದ 60 ಗ್ರಾಂ ತೂಗುತ್ತದೆ. ಆ ಲೆಕ್ಕಕ್ಕೆ 4 ಕಿಲೋದಲ್ಲಿ ಸುಮಾರು 70 ಸಾವಿರ ಬೀಜವಿದೆ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಮುಕ್ಕಾಲು ಅಡಿಗೆ ಸ್ವಲ್ಪ ಕಡಿಮೆ ಇಟ್ಟರೆ ಎಕರೆಯಲ್ಲಿ ನಿಲ್ಲಬೇಕಾದ ಗಿಡ ಸುಮಾರು 44 ಸಾವಿರ. ಮಿಕ್ಕದ್ದು ಮೊಳೆಯದವುಗಳ ಮತ್ತು ಕಿತ್ತುಹಾಕುವವುಗಳ ಪಾಲು. ತೇವ ಕಡಿಮೆ ಇರುವ ಹೊಲಕ್ಕೆ ಎರಡಡಿ ಸಾಲು, ಒಂದಡಿ ಗಿಡದ ಅಂತರ ಇಡುವವರೂ ಇದ್ದಾರೆ. ಗಿಡ ವಿರಳವಾದರೆ ಕವಲು ಹೆಚ್ಚಿಸಿಕೊಂಡು ಜಾಗ ತುಂಬುವ ಶಕ್ತಿ ಕುಸುಬಿಗಿದೆ.

ತಳಿಯ ಮಾತಿಗೆ ಬಂದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಣ್ಣಿಗೇರಿ ಸಂಶೋಧನಾ ಕೇಂದ್ರದ ಹೆಸರು ಮೊದಲು ಬರುತ್ತದೆ. ಅಖಿಲ ಭಾರತ ಕುಸುಬೆ ಸಂಶೋಧನೆಯ ಒಂದು ಕೇಂದ್ರ ಅಲ್ಲಿದೆ. ಅಲ್ಲಿಂದ ಬಂದ ಎ-1 ತಳಿ ಈ ಭಾಗದಲ್ಲಿ ದಶಕಗಳ ಕಾಲ ನಡೆಯಿತು. ಅದರ ಹಿಂದೆ ಎ-2 ಬಂತು. ಇವು ಮುಳ್ಳಿನವು. ಮುಳ್ಳಿಲ್ಲದ್ದು ಬೇಕೆಂದರೆ ಮಹಾರಾಷ್ಟ್ರದ ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯ ನಾರಿ-6 ಇದೆ. ಹೈದರಾಬಾದಿನ ಭಾರತೀಯ ಎಣ್ಣೆಕಾಳು ಸಂಶೋಧನಾ ಸಂಸ್ಥೆ ಓಲಿಯಿಕ್ ಆಮ್ಲ ಹೆಚ್ಚಿರುವ ಹೊಸ ತಳಿಗಳನ್ನೂ ತಂದಿದೆ. ಅವುಗಳ ಎಣ್ಣೆ ಬೇಗ ಕೆಡುವುದಿಲ್ಲ, ಕರಿಯಲೂ ಹೊಂದುತ್ತದೆ. ಯಾವ ತಳಿಯ ಬೀಜ ಈ ವರ್ಷ ಸಿಗುತ್ತದೆ ಎಂಬುದನ್ನು ಆಗಸ್ಟ್‌ನಲ್ಲೇ ರೈತ ಸಂಪರ್ಕ ಕೇಂದ್ರದಲ್ಲಿ, ಇಲ್ಲವೇ ಬೈಲಹೊಂಗಲ ಸೀಮೆಯ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿಟ್ಟುಕೊಳ್ಳಬೇಕು. ಹಸ್ತ ಮಳೆ ಶುರುವಾದ ಮೇಲೆ ಬೀಜ ಹುಡುಕಹೊರಟರೆ ಹದ ಹೋಗುತ್ತದೆ.

ಮುಳ್ಳಿನ ತಳಿಯೋ ಬೋಳು ತಳಿಯೋ? ಕೈಯಿಂದ ಕೊಯ್ಯುವುದಾದರೆ, ಹೂವಿನ ಎಸಳನ್ನೂ ಬಿಡಿಸುವುದಾದರೆ ಬೋಳು ತಳಿ ಸುಲಭ. ಹಂದಿ, ಬಿಡಾಡಿ ದನಗಳ ಕಾಟವಿದ್ದರೆ ಮುಳ್ಳೇ ಕಾವಲು. ಯಂತ್ರದಿಂದ ಕೊಯ್ಲು ಮಾಡಿಸುವವರಿಗೆ ಮುಳ್ಳು ಲೆಕ್ಕಕ್ಕೆ ಬರುವುದಿಲ್ಲ.

ಬಿತ್ತುವ ಹಿಂದಿನ ರಾತ್ರಿ ಬೀಜವನ್ನು ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ನೆರಳಿನಲ್ಲಿ ಆರಿಸಿ ಬಿತ್ತಿದರೆ ಒಟ್ಟಿಗೆ ಮೊಳೆಯುತ್ತದೆ. ಕುಸುಬಿಯ ಸಿಪ್ಪೆ ದಪ್ಪ; ಒಣ ಬೀಜ ಮಣ್ಣಿನ ತೇವ ಹೀರಿ ಮೆತ್ತಗಾಗುವಷ್ಟರಲ್ಲಿ ಮೇಲಿನ ಪದರ ಆರಿಹೋಗಬಹುದು. ಸೊರಗು ರೋಗ ಕಂಡ ಹೊಲವಾದರೆ ಟ್ರೈಕೋಡರ್ಮಾ ಪುಡಿಯಿಂದ ಬೀಜೋಪಚಾರ ಮಾಡಲೇಬೇಕು. ಆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ಉಳಿದಿರುತ್ತದೆ, ಆದ್ದರಿಂದ ಒಂದೇ ಹೊಲದಲ್ಲಿ ವರ್ಷಾ ವರ್ಷ ಕುಸುಬಿ ಹಾಕುವುದು ಬೇಡ. ಕೂರಿಗೆ ತಾಳು ಎರಡು ಇಂಚು ಆಳದ ಹಸಿ ಮಣ್ಣಿಗೆ ಬೀಜ ಬಿಡುವಂತಿರಲಿ.

ಗೊಬ್ಬರವೆಲ್ಲ ಬಿತ್ತುವಾಗಲೇ. ಮಳೆಯಾಶ್ರಿತ ಬೆಳೆಗೆ ಎಕರೆಗೆ ಸಾರಜನಕ 16 ಕಿಲೋ, ರಂಜಕ 16 ಕಿಲೋ, ಪೊಟ್ಯಾಷ್ 5 ಕಿಲೋ ಆಸುಪಾಸು ಸಾಕು. ರಂಜಕಕ್ಕಾಗಿ ಡಿಎಪಿ ಬದಲು ಸಿಂಗಲ್ ಸೂಪರ್ ಫಾಸ್ಫೇಟ್ ಎರಡು ಚೀಲ ಹಾಕಿದರೆ ಅದರೊಂದಿಗೆ ಗಂಧಕವೂ ಸಿಗುತ್ತದೆ. ಎಣ್ಣೆಕಾಳಿನಲ್ಲಿ ಎಣ್ಣೆ ಕೂಡಲು ಗಂಧಕ ಬೇಕು. ಸಾರಜನಕಕ್ಕೆ 35 ಕಿಲೋ ಯೂರಿಯಾ. ಮೇಲುಗೊಬ್ಬರದ ಗೊಡವೆ ಒಣ ಹೊಲಕ್ಕೆ ಬೇಡ. ಒಣಗಿದ ಮೇಲ್ಮಣ್ಣಿನಲ್ಲಿ ಬಿದ್ದ ಯೂರಿಯಾ ಬೇರಿಗೆ ಮುಟ್ಟುವುದಿಲ್ಲ.

ಅಕ್ಕಡಿಯ ಲೆಕ್ಕ

ಇಡೀ ಹೊಲ ಕುಸುಬಿಗೆ ಕೊಡಲು ಮನಸ್ಸು ಒಪ್ಪದಿದ್ದರೆ ಅಕ್ಕಡಿ ಇದೆ. ಮೂರು ಸಾಲು ಕಡಲೆಗೆ ಒಂದು ಸಾಲು ಕುಸುಬಿ, ಅಥವಾ ಆರಕ್ಕೆ ಮೂರು. ಕೊತ್ತಂಬರಿ, ಅಗಸಿಯೊಂದಿಗೂ ಮೂರಕ್ಕೆ ಒಂದರ ಲೆಕ್ಕ ನಡೆಯುತ್ತದೆ. ಕಡಲೆಯ ಬೇರು ತೇವ ಎಳೆದುಕೊಳ್ಳುವ ಆಳಕ್ಕಿಂತ ಕೆಳಗೆ ಕುಸುಬಿಯ ಬೇರು ಇಳಿಯುವುದರಿಂದ ಎರಡಕ್ಕೂ ನೀರಿನ ಜಗಳ ಕಡಿಮೆ. ಕಡಲೆಗೆ ಕಾಯಿಕೊರಕ ಬಂದ ವರ್ಷ ಕುಸುಬಿ ಕೈಹಿಡಿಯುತ್ತದೆ, ಕುಸುಬಿಗೆ ಹೇನು ಬಂದ ವರ್ಷ ಕಡಲೆ. ಆರಕ್ಕೆ ಮೂರರ ಲೆಕ್ಕದಲ್ಲಿ ಇನ್ನೊಂದು ಅನುಕೂಲ: ಕಡಲೆ ಮೊದಲು ಕೊಯ್ಲಿಗೆ ಬರುತ್ತದೆ, ಕುಸುಬಿಯ ಸಾಲುಗಳು ಕೂಡಿಯೇ ಇರುವುದರಿಂದ ಮುಳ್ಳು ಸರಿಸುತ್ತ ಕಡಲೆ ಕೀಳುವ ಪಾಡಿಲ್ಲ.

ಜೋಳದ ಹೊಲದ ಸುತ್ತ ನಾಲ್ಕು ಸಾಲು ಕುಸುಬಿ ಹಾಕುವ ಹಳೆಯ ಪದ್ಧತಿ ಬೇಲಿಯೂ ಹೌದು, ಮನೆಯ ಎಣ್ಣೆಯೂ ಹೌದು. ಹೊಸದಾಗಿ ಕಲಿಯುವವರು ಇಲ್ಲಿಂದ ಶುರುಮಾಡಿದರೆ ನಷ್ಟದ ಭಯವಿಲ್ಲ.

ಮೊದಲ ನಲವತ್ತು ದಿನ

ಮೊಳಕೆ ಬಂದ ಮೇಲೆ ಮೂರು ನಾಲ್ಕು ವಾರ ಕುಸುಬಿ ಮೇಲಕ್ಕೆ ಏಳುವುದೇ ಇಲ್ಲ. ಎಲೆಗಳು ನೆಲಕ್ಕೆ ಅಂಟಿ ಸುತ್ತಲೂ ಹರಡಿ ಕೂತಿರುತ್ತವೆ. ಮೊದಲ ಸಲ ಬೆಳೆದವರು ಇದನ್ನು ಕಂಡು ಬೆಳೆ ಸೋತಿತು ಎಂದುಕೊಳ್ಳುತ್ತಾರೆ. ಆ ದಿನಗಳಲ್ಲಿ ಗಿಡ ಬೆಳೆಯುತ್ತಿರುವುದು ಕೆಳಕ್ಕೆ. ಬೇರು ಇಳಿದ ಮೇಲೆಯೇ ಕಾಂಡ ಏಳುತ್ತದೆ.

ಇದೇ ಹೊತ್ತು ಕಳೆಗೂ ಅನುಕೂಲ, ಏಕೆಂದರೆ ನೆಲ ಮುಚ್ಚುವಷ್ಟು ಕುಸುಬಿ ಬೆಳೆದಿರುವುದಿಲ್ಲ. ಆದ್ದರಿಂದ ಮಾಡುವ ಕೆಲಸ ಎರಡು. ಹದಿನೈದು ಇಪ್ಪತ್ತನೆಯ ದಿನಕ್ಕೆ ಒತ್ತಾದ ಗಿಡ ಕಿತ್ತು ಅಂತರ ಸರಿಮಾಡುವುದು. ಗುಣಿಗೆ ಎರಡು ಗಿಡ ಉಳಿದರೆ ಎರಡೂ ಬಡಕಲಾಗುತ್ತವೆ. ಈ ಒಂದು ಕೆಲಸವನ್ನು ಬಿಟ್ಟ ಹೊಲಕ್ಕೂ ಮಾಡಿದ ಹೊಲಕ್ಕೂ ರಾಶಿಯಲ್ಲಿ ವ್ಯತ್ಯಾಸ ಕಾಣುತ್ತದೆ. ಕಿತ್ತದ್ದು ವ್ಯರ್ಥವಲ್ಲ. ಎಳೆಯ ಕುಸುಬಿ ಸೊಪ್ಪಿನ ಪಲ್ಯ ಜೋಳದ ರೊಟ್ಟಿಗೆ ಹೇಳಿಮಾಡಿಸಿದ್ದು, ಸಂತೆಗೆ ಒಯ್ದರೆ ಬುಟ್ಟಿ ಖಾಲಿಯಾಗುತ್ತದೆ.

ಎರಡನೆಯ ಕೆಲಸ ಎಡೆಕುಂಟೆ. ಇಪ್ಪತ್ತೈದು ಮೂವತ್ತನೆಯ ದಿನಕ್ಕೊಮ್ಮೆ, ನಲವತ್ತೈದರ ಆಸುಪಾಸು ಇನ್ನೊಮ್ಮೆ. ಕಳೆ ತೆಗೆಯುವುದು ಅದರ ಒಂದು ಉಪಯೋಗ ಮಾತ್ರ. ಎರಿ ಮಣ್ಣು ಆರಿದಂತೆ ಬಿರಿಯುತ್ತದೆ, ಆ ಬಿರುಕುಗಳಿಂದ ಆಳದ ತೇವ ಆವಿಯಾಗಿ ಹೋಗುತ್ತದೆ. ಕುಂಟೆ ಹಾಯಿಸಿದಾಗ ಮೇಲಿನ ಎರಡಿಂಚು ಮಣ್ಣು ಪುಡಿಯಾಗಿ ಬಿರುಕು ತುಂಬುತ್ತದೆ. ಆ ಪುಡಿಮಣ್ಣಿನ ಹೊದಿಕೆ ತೇವವನ್ನು ಒಳಗೇ ತಡೆಯುತ್ತದೆ. ಒಂದು ಮಳೆ ಬಂದಷ್ಟೇ ಉಪಕಾರ ಇದರಿಂದ. ಅರವತ್ತು ದಿನ ದಾಟಿದರೆ ಮುಳ್ಳು ಬಲಿತು ಎತ್ತು ಒಳಗೆ ಹೋಗುವುದಿಲ್ಲ, ಆದ್ದರಿಂದ ಎಡೆ ಹೊಡೆಯುವುದು ಅಷ್ಟರೊಳಗೆ ಮುಗಿಯಬೇಕು.

ಕೃಷಿ ಹೊಂಡವೋ ಬಾವಿಯೋ ಇದ್ದು ಒಂದೇ ಒಂದು ನೀರು ಕೊಡಲು ಆಗುವುದಾದರೆ ಕಾಂಡ ಏಳುವ ಹೊತ್ತಿಗೆ, ಮೂವತ್ತು ಮೂವತ್ತೈದನೆಯ ದಿನಕ್ಕೆ, ತೆಳುವಾಗಿ ಕೊಡಬೇಕು. ಮಣ್ಣು ಬಾಯಿಬಿಟ್ಟ ಮೇಲೆ ನೀರು ಹಾಯಿಸಿದರೆ ಬಿರುಕಿನಲ್ಲಿ ಇಳಿದು ಬುಡದಲ್ಲೇ ನಿಲ್ಲುತ್ತದೆ, ಗಿಡ ಸೊರಗುತ್ತದೆ. ಕುಸುಬಿಯನ್ನು ಬರಕ್ಕಿಂತ ಹೆಚ್ಚಾಗಿ ಕೊಂದದ್ದು ಇಂಥ ತಡವಾದ ಪ್ರೀತಿಯ ನೀರು.

ಹೇನು, ರೋಗ, ಜೇನು

ಕುಸುಬಿಯ ದೊಡ್ಡ ಶತ್ರು ಸಸ್ಯಹೇನು. ಕುಡಿ ಮತ್ತು ಎಳೆ ಎಲೆಗಳ ಅಡಿಯಲ್ಲಿ ಕಪ್ಪಗೆ ಮುತ್ತಿ ರಸ ಹೀರುತ್ತದೆ. ಅದು ಬಿಡುವ ಅಂಟು ಎಲೆಯ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆದು, ಎಲೆ ಅನ್ನ ತಯಾರಿಸುವುದು ನಿಲ್ಲುತ್ತದೆ.

ಹೇನಿನ ಒಂದು ಅಭ್ಯಾಸ ರೈತನಿಗೆ ಅನುಕೂಲದ್ದು: ಅದು ಮೊದಲು ಹೊಲದ ಅಂಚಿನ ಸಾಲುಗಳಿಗೆ ಇಳಿದು ಆಮೇಲೆ ಒಳಗೆ ಹರಡುತ್ತದೆ. ನವೆಂಬರ್ ಮಧ್ಯದಿಂದ ವಾರಕ್ಕೆರಡು ಸಲ ಬದುವಿನ ಮೇಲೆ ಒಂದು ಸುತ್ತು ಹಾಕಿ ಅಂಚಿನ ಗಿಡಗಳ ಕುಡಿ ನೋಡಬೇಕು. ಕಂಡ ಕೂಡಲೇ ಸುತ್ತಲಿನ ಆರೆಂಟು ಸಾಲಿಗೆ ಮಾತ್ರ ಸಿಂಪಡಿಸಿದರೆ ಇಡೀ ಹೊಲಕ್ಕೆ ಹೊಡೆಯುವ ಖರ್ಚು ಬಹುಪಾಲು ಉಳಿಯುತ್ತದೆ. ಮೊದಲ ಸಿಂಪಡಣೆಗೆ ಶೇಕಡಾ 5ರ ಬೇವಿನ ಬೀಜದ ಕಷಾಯ ಸಾಕಾಗಬಹುದು. ಅದಕ್ಕೂ ಬಗ್ಗದಿದ್ದರೆ ಯಾವ ಔಷಧ, ಎಷ್ಟು ಪ್ರಮಾಣ ಎಂಬುದನ್ನು ರೈತ ಸಂಪರ್ಕ ಕೇಂದ್ರದವರಿಂದ ಬರೆಸಿಕೊಂಡು ಬರಬೇಕು. ಅಂಗಡಿಯವರು ಎರಡು ಮೂರನ್ನು ಕೂಡಿಸಿ ಕೊಡುವ ಮಿಶ್ರಣ ಬೇಡ. ಹೇನಿನ ನಡುವೆ ಗುಲಗಂಜಿ ಹುಳು ಓಡಾಡುತ್ತಿದ್ದರೆ ಎರಡು ದಿನ ತಡೆಯುವುದು ಒಳಿತು. ಅದರ ಮರಿಗಳು ಹೇನನ್ನೇ ತಿಂದು ಬದುಕುತ್ತವೆ.

ಎಲೆಚುಕ್ಕಿ ರೋಗ ಬರುವುದು ಮೋಡ, ಮಳೆ, ಇಬ್ಬನಿ ಕೂಡಿದ ವರ್ಷ. ಒತ್ತು ಬಿತ್ತನೆ ಅದಕ್ಕೆ ಹಾದಿ ಮಾಡಿಕೊಡುತ್ತದೆ. ಸೊರಗಿದ ಗಿಡ ಕಂಡರೆ ಬೇರುಸಹಿತ ಕಿತ್ತು ಸುಡುವುದು ಕ್ಷೇಮ.

ಎಳ್ಳಮಾವಾಸ್ಯೆಯ ಆಸುಪಾಸು ಹೊಲ ಹಳದಿಯಾಗುತ್ತದೆ. ಬಿತ್ತಿದ ಎಂಬತ್ತು ದಿನದ ಸುಮಾರಿಗೆ ನಡುಗಾಂಡದ ತುದಿಯ ಹೂ ಮೊದಲು ಅರಳಿ, ಆಮೇಲೆ ಕವಲುಗಳದ್ದು ಅರಳುತ್ತ ಹೋಗುತ್ತದೆ. ಕುಸುಬಿ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟಿದರೂ ಜೇನು ಬಂದರೆ ಕಾಳು ತುಂಬುವುದು ಚೆನ್ನಾಗಿ. ಹೂ ಇರುವಾಗ ಔಷಧ ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಸಂಜೆಯ ಹೊತ್ತಿಗೆ ಹೊಡೆಯಬೇಕು.

ಬಾಡಿದ ಹೂವಿನ ಕೆಂಪು ಎಸಳಿಗೂ ಬೆಲೆಯಿದೆ. ಹಿಂದೆ ಬಟ್ಟೆಗೆ ಬಣ್ಣ ಹಾಕಲು ಅದನ್ನೇ ಬಳಸುತ್ತಿದ್ದರು, ಎಣ್ಣೆಗಿಂತ ಮುಂಚೆ ಲೋಕವೆಲ್ಲ ಕುಸುಬೆ ಬೆಳೆದದ್ದೇ ಬಣ್ಣಕ್ಕಾಗಿ. ಪ್ರಾಚೀನ ಈಜಿಪ್ಟಿನ ಸಮಾಧಿಗಳಲ್ಲಿ ಇದರ ಹೂಮಾಲೆ ಸಿಕ್ಕಿದೆ. ಇಂದು ಚೀನಾದಲ್ಲಿ ಔಷಧಕ್ಕೂ, ಬೇರೆಡೆ ಗಿಡಮೂಲಿಕೆ ಚಹಾಕ್ಕೂ ಹೋಗುತ್ತದೆ. ಕಾಳು ಕಟ್ಟಿದ ಮೇಲೆ ಎಸಳು ತೆಗೆದರೆ ಇಳುವರಿಗೆ ತೊಂದರೆಯಿಲ್ಲ. ಆದರೆ ಕೊಳ್ಳುವವರನ್ನು ಮೊದಲೇ ಹುಡುಕಿಕೊಳ್ಳದೆ ಇದಕ್ಕೆ ಆಳು ಹಚ್ಚಿದರೆ ಕೂಲಿಯೂ ಹುಟ್ಟುವುದಿಲ್ಲ.

ಮುಳ್ಳಿನ ಕೊಯ್ಲು

ಕುಸುಬಿ ಕ್ಷೇತ್ರ ಕುಗ್ಗಿದ್ದಕ್ಕೆ ಕಾರಣ ಕೇಳಿದರೆ ಮೊದಲು ಬರುವ ಉತ್ತರ ಕೊಯ್ಲಿನದು. ಮುಳ್ಳಿನ ಬೆಳೆ ಕೊಯ್ಯಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಹೆಚ್ಚು.

ಬಿತ್ತಿದ 120ರಿಂದ 135 ದಿನಕ್ಕೆ ಬೆಳೆ ಮಾಗುತ್ತದೆ. ಎಲೆಯೆಲ್ಲ ಕಂದು, ತಡವಾಗಿ ಅರಳಿದ ತೆನೆಯೂ ಕಂದು, ತೆನೆ ತಿಕ್ಕಿದರೆ ಬಿಳಿ ಕಾಳು ಉದುರುತ್ತದೆ, ಹಲ್ಲಿಗೆ ಹಾಕಿದರೆ ಕಟಕ್ಕೆನ್ನುತ್ತದೆ. ಕೈಕೊಯ್ಲಾದರೆ ನಸುಕಿನಲ್ಲಿ ಶುರುಮಾಡಿ ಬಿಸಿಲೇರುವ ಮುಂಚೆ ನಿಲ್ಲಿಸುವುದು ರೂಢಿ, ಇಬ್ಬನಿಗೆ ಮುಳ್ಳು ಮೆತ್ತಗಾಗಿರುತ್ತದೆ. ಕೈಗೆ ಕಾಲಿಗೆ ದಪ್ಪ ಬಟ್ಟೆ ಸುತ್ತಿಕೊಂಡು, ಕವಲುಕೋಲಿನಿಂದ ಗಿಡ ಹಿಡಿದು ಕುಡಗೋಲಿನಿಂದ ಕೊಯ್ಯುತ್ತಾರೆ. ಸಣ್ಣ ಗೂಡು ಹಾಕಿ ಮೂರು ನಾಲ್ಕು ದಿನ ಒಣಗಿಸಿ, ಕಣದಲ್ಲಿ ಬಡಿದೋ ಟ್ರ್ಯಾಕ್ಟರ್ ತುಳಿಸಿಯೋ ಕಾಳು ಬಿಡಿಸಿ ತೂರುತ್ತಾರೆ.

ಈಗ ಇನ್ನೊಂದು ದಾರಿ ಇದೆ. ಗೋಧಿ, ಕಡಲೆಗೆ ಬರುವ ಕಂಬೈನ್ ಯಂತ್ರವೇ ಕುಸುಬಿಗೂ ನಡೆಯುತ್ತದೆ. ಮಾಗಿದರೂ ಕಾಳು ತಾನಾಗಿ ಉದುರದೆ ತೆನೆಯೊಳಗೇ ಕೂತಿರುವುದರಿಂದ ಯಂತ್ರ ಬರುವುದು ಒಂದು ವಾರ ತಡವಾದರೂ ನಷ್ಟವಿಲ್ಲ. ಕಾಳು ಒಡೆಯದಂತೆ ಯಂತ್ರದ ಡ್ರಮ್ಮಿನ ವೇಗ ಇಳಿಸಲು ಚಾಲಕನಿಗೆ ಹೇಳಬೇಕು. ತೊಂದರೆ ಎಂದರೆ ಅರ್ಧ ಎಕರೆಗೆ ಯಾರೂ ಯಂತ್ರ ತರುವುದಿಲ್ಲ. ಅಕ್ಕಪಕ್ಕದ ಹೊಲದವರು ನಾಲ್ಕೈದು ಮಂದಿ ಮಾತಾಡಿಕೊಂಡು ಒಂದೇ ವಾರ ಬಿತ್ತಿದರೆ ಒಂದೇ ದಿನ ಕೊಯ್ಲು ಮುಗಿಯುತ್ತದೆ. ಈ ಮಾತುಕತೆ ಆಗಬೇಕಾದದ್ದು ಫೆಬ್ರುವರಿಯಲ್ಲಲ್ಲ, ಸೆಪ್ಟೆಂಬರಿನಲ್ಲಿ.

ಹೊತ್ತಿಗೆ ಸರಿಯಾಗಿ ಬಿತ್ತಿ ಎಡೆ ಹೊಡೆದ ಎರಿ ಹೊಲದಲ್ಲಿ ಎಕರೆಗೆ 3ರಿಂದ 5 ಕ್ವಿಂಟಲ್ ನಿರೀಕ್ಷಿಸಬಹುದು. ತೇವ ಶೇಕಡಾ 8ಕ್ಕಿಂತ ಕೆಳಗಿಳಿಯುವಂತೆ ಒಣಗಿಸಿ ಚೀಲಕ್ಕೆ ತುಂಬಬೇಕು.

ಗಾಣಕ್ಕೋ ಪೇಟೆಗೋ

ಕುಸುಬಿಗೆ ಕೇಂದ್ರ ಸರ್ಕಾರ ಬೆಂಬಲ ಬೆಲೆ ಸಾರುತ್ತದೆ. 2025–26ರ ಹಿಂಗಾರು ಮಾರಾಟ ಹಂಗಾಮಿಗೆ ಕ್ವಿಂಟಲಿಗೆ 5,940 ರೂಪಾಯಿ ಇದ್ದದ್ದು 2026–27ಕ್ಕೆ 6,540 ಆಯಿತು. ಅದೇ ಹಂಗಾಮಿಗೆ ಕಡಲೆಯ ಬೆಂಬಲ ಬೆಲೆ 5,875. ಎಕರೆಗೆ 4 ಕ್ವಿಂಟಲ್ ಬಂದು ಬೆಂಬಲ ಬೆಲೆಯೇ ಸಿಕ್ಕರೆ ಕೈಗೆ 26,160 ರೂಪಾಯಿ. ಆದರೆ ಸಾರಿದ ಬೆಲೆ ಬೇರೆ, ಖರೀದಿ ಕೇಂದ್ರ ತೆರೆಯುವುದು ಬೇರೆ. ಬೆಳೆಗಾರರೇ ಕಡಿಮೆಯಾದ ಬೆಳೆಗೆ ಕೇಂದ್ರ ತೆರೆಯಿರಿ ಎಂದು ಕೇಳುವ ದನಿಯೂ ಕಡಿಮೆ. ಎಪಿಎಂಸಿಯಲ್ಲಿ ಎರಡು ಚೀಲ ಕುಸುಬಿ ತಂದವನಿಗೆ ಚೌಕಾಸಿ ಮಾಡುವ ಶಕ್ತಿ ಇರುವುದಿಲ್ಲ. ಇಲ್ಲಿಯೂ ನಾಲ್ಕು ಮನೆಯವರು ಕೂಡಿ ಒಂದು ಟ್ರ್ಯಾಕ್ಟರ್ ಲೋಡು ಮಾಡಿ ಹುಬ್ಬಳ್ಳಿಗೋ ಗದಗಿಗೋ ಒಯ್ಯುವುದು ಲೇಸು.

ಎಣ್ಣೆ ಮಾಡಿ ಮಾರುವುದು ಎರಡನೆಯ ದಾರಿ. ನಮ್ಮ ತಳಿಗಳ ಕಾಳಿನಲ್ಲಿ ಶೇಕಡಾ 28ರಿಂದ 32ರಷ್ಟು ಎಣ್ಣೆ. ಗಾಣ ಪೂರ್ತಿ ಹಿಂಡುವುದಿಲ್ಲ, ಹಿಂಡಿಯಲ್ಲಿ ಒಂದಿಷ್ಟು ಉಳಿಯುತ್ತದೆ. ಹಾಗಾಗಿ ಕ್ವಿಂಟಲಿಗೆ 25 ಕಿಲೋ ಆಸುಪಾಸು ಲೆಕ್ಕ ಹಾಕಿಕೊಳ್ಳುವುದು ಸುರಕ್ಷಿತ. ನಾಲ್ಕು ಕ್ವಿಂಟಲಿಗೆ ನೂರು ಕಿಲೋ ಎಣ್ಣೆ, ಮುನ್ನೂರು ಕಿಲೋಕ್ಕೆ ಸ್ವಲ್ಪ ಕಡಿಮೆ ಹಿಂಡಿ. ಸಿಪ್ಪೆ ಸೇರಿದ ಹಿಂಡಿ ತುಸು ಕಹಿ, ನಾರು ಹೆಚ್ಚು. ದನ, ಎಮ್ಮೆಗಳಿಗೆ ಬೇರೆ ಮೇವಿನ ಜೊತೆ ಬೆರೆಸಿ ಹಾಕಬಹುದು.

ಗಾಣದಿಂದ ಬಂದ ಎಣ್ಣೆ ಮೊದಲು ಕದಡಿರುತ್ತದೆ. ಎರಡು ಮೂರು ದಿನ ಅಲುಗಿಸದೆ ಬಿಟ್ಟು ತಿಳಿ ಬಸಿದುಕೊಳ್ಳಬೇಕು. ಹಳೆಯ ತಳಿಗಳ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಶೇಕಡಾ 75ರ ಸುಮಾರು. ದೇಹ ತಾನೇ ತಯಾರಿಸಿಕೊಳ್ಳಲಾಗದ, ಆಹಾರದಿಂದಲೇ ಸಿಗಬೇಕಾದ ಕೊಬ್ಬಿನಾಮ್ಲ ಅದು. ಆದರೆ ಅದೇ ಆಮ್ಲ ಗಾಳಿ, ಬೆಳಕು, ಬಿಸಿಗೆ ಬೇಗ ಕೆಡುತ್ತದೆ. ಒಗ್ಗರಣೆಗೆ, ಪಲ್ಯಕ್ಕೆ, ರೊಟ್ಟಿಯ ಮೇಲಿನ ಚಟ್ನಿಪುಡಿಗೆ ಹಸಿಯಾಗಿ ಹಾಕಿಕೊಳ್ಳಲು ಚೆನ್ನ. ಒಂದೇ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯಲು ಬೇಡ. ಸ್ಟೀಲ್ ಡಬ್ಬಿಯಲ್ಲೋ ಕಪ್ಪು ಬಾಟಲಿಯಲ್ಲೋ ಬಾಯಿವರೆಗೆ ತುಂಬಿ ತಂಪಿನಲ್ಲಿಟ್ಟು, ಎರಡು ಮೂರು ತಿಂಗಳಿಗೆ ಬೇಕಾದಷ್ಟೇ ಹಿಂಡಿಸಿಕೊಂಡರೆ ಕಮಟು ವಾಸನೆ ಬರುವುದಿಲ್ಲ. ಕಾಳು ಹಾಗೆಯೇ ಇಟ್ಟರೆ ವರ್ಷ ತಡೆಯುತ್ತದೆ. ಒಂದಿಷ್ಟು ಕಾಳನ್ನು ಗಾಣಕ್ಕೆ ಕೊಡದೆ ಇಟ್ಟುಕೊಂಡರೆ ನೆನೆಸಿ ರುಬ್ಬಿ ತೆಗೆದ ಕುಸುಬಿ ಹಾಲು ಗೋಧಿ ಹುಗ್ಗಿಗೆ ಆಗುತ್ತದೆ.

ಮನೆಗೆ, ನೆಂಟರಿಗೆ ಹಿಂಡಿಸಿಕೊಳ್ಳಲು ಯಾವ ಕಾಗದವೂ ಬೇಡ. ಪೇಟೆಯಲ್ಲಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು, ಖಾದ್ಯ ತೈಲವನ್ನು ಬಿಡಿಯಾಗಿ ಮಾರುವಂತಿಲ್ಲ, ಬಾಟಲಿ ಮೇಲೆ ಚೀಟಿ ಇರಬೇಕು. ಒಬ್ಬೊಬ್ಬರಿಗೆ ಇದು ಹೊರೆ. ಮಹಿಳಾ ಸ್ವಸಹಾಯ ಸಂಘವೋ ರೈತ ಉತ್ಪಾದಕ ಸಂಸ್ಥೆಯೋ ಒಂದು ನೋಂದಣಿ ಮಾಡಿಸಿದರೆ ಊರಿನ ಎಣ್ಣೆಯೆಲ್ಲ ಅದರಡಿ ಹೋಗುತ್ತದೆ.

ಈ ಹಿಂಗಾರಿಗೆ ಎಷ್ಟು ಹಾಕಬೇಕು

ದೇಶಕ್ಕೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅದನ್ನು ತಗ್ಗಿಸಲೆಂದು 2024ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ 10,103 ಕೋಟಿ ರೂಪಾಯಿಯ ಎಣ್ಣೆಕಾಳು ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಮುಖ್ಯವಾಗಿ ಕೇಳಿಬರುವ ಹೆಸರುಗಳು ಸಾಸಿವೆ, ಶೇಂಗಾ, ಸೋಯಾ, ಸೂರ್ಯಕಾಂತಿ, ಎಳ್ಳು. ಇತ್ತ ಕಜಕಸ್ತಾನ ತನ್ನ ಒಣ ಬಯಲಿನಲ್ಲಿ ಕುಸುಬೆ ಬೆಳೆದು ಜಗತ್ತಿನಲ್ಲೇ ಮುಂದಿನ ಸಾಲಿಗೆ ಬಂದಿದೆ. ಯೋಜನೆಗೆ ಕಾಯುತ್ತ ಕೂರದೆ ಸಾಲಹಳ್ಳಿಯಂಥ ಊರಿನ ಒಂದು ಮನೆ ಮಾಡಬಹುದಾದ ಲೆಕ್ಕ ಚಿಕ್ಕದು.

ಐದು ಜನರ ಮನೆಗೆ ತಿಂಗಳಿಗೆ ನಾಲ್ಕು ಕಿಲೋ ಎಣ್ಣೆ ಹಿಡಿದರೆ ವರ್ಷಕ್ಕೆ 48 ಕಿಲೋ. ಅದಕ್ಕೆ ಬೇಕಾದ ಕಾಳು ಎರಡು ಕ್ವಿಂಟಲ್, ಅಂದರೆ ಸಾಧಾರಣ ವರ್ಷದಲ್ಲಿ ಅರ್ಧದಿಂದ ಮುಕ್ಕಾಲು ಎಕರೆ ಕುಸುಬಿ, ಅಥವಾ ಎರಡೂವರೆ ಎಕರೆ ಕಡಲೆಯಲ್ಲಿ ಮೂರಕ್ಕೊಂದರಂತೆ ಅಕ್ಕಡಿ. ಮೊದಲ ವರ್ಷ ಇಷ್ಟೇ ಇರಲಿ. ಎಣ್ಣೆ ಕೊಳ್ಳುವ ಖರ್ಚು ಉಳಿಯುತ್ತದೆ, ಹಿಂಡಿ ಮನೆಯಲ್ಲೇ ಆಗುತ್ತದೆ, ಬೆಳೆಯ ಸ್ವಭಾವ ಕೈಗೆ ಗೊತ್ತಾಗುತ್ತದೆ. ನೆರೆಹೊಲದವರೂ ಜೊತೆಯಾಗಿ, ಕೊಯ್ಲಿಗೆ ಯಂತ್ರ ಮತ್ತು ರಾಶಿಗೆ ಗಿರಾಕಿ ಗೊತ್ತಾದ ವರ್ಷ ಎಕರೆಗಳನ್ನು ಹೆಚ್ಚಿಸಬಹುದು.